ಆಸಿಯಾನ್ ಅಣ್ವಸ್ತ್ರ ಒಪ್ಪಂದಕ್ಕೆ ದೊಡ್ಡೋರು ಯಾಕೆ ಸೈನ್ ಹಾಕ್ತಿಲ್ಲ?

ರಘು_ಓದುಗ:
ಎಕ್ಸಾಮ್‌ಗೆ ಓದ್ತಾ ಇದ್ದೆ, ಒಂದು ಡೌಟ್. 1995ರಲ್ಲಿ ಬ್ಯಾಂಕಾಕ್‌ನಲ್ಲಿ ಆಗ್ನೇಯ ಏಷ್ಯಾದ ದೇಶಗಳೆಲ್ಲ (ಅವ್ರ ಗುಂಪೇ ಆಸಿಯಾನ್) ಸೇರಿ ನಮ್ ಕಡೆ ಅಣುಬಾಂಬ್ ಬೇಡ ಅಂತ ಒಪ್ಪಂದ ಮಾಡ್ಕೊಂಡ್ರು, 1997ರಲ್ಲಿ ಜಾರಿಗೂ ಬಂತು. ಜೊತೆಗಿರೋ ಪ್ರೋಟೋಕಾಲ್‌ಗೆ (ಬಾಂಬ್ ಇರೋ ದೇಶಗಳು ಇದನ್ನ ಗೌರವಿಸ್ತೀವಿ ಅಂತ ಮಾತು ಕೊಡೋ ಪತ್ರ) ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್ ಸೈನ್ ಹಾಕ್ಬೇಕಿತ್ತು, ಇಷ್ಟು ವರ್ಷ ಆದ್ರೂ ಎಳೀತಾನೇ ಇದಾರೆ. ಬಾಂಬೇ ಇಲ್ದೋರು ಬಾಂಬ್ ಬೇಡ ಅಂದ್ರೆ ಏನ್ ಬಂತು?

ಸುಮಾ_ಎಸ್:
ಜಗಳ ಇರೋದು ಸಮುದ್ರದ್ದು. ಇವ್ರು ನೆಲ ಮಾತ್ರ ಅಲ್ಲ, ತೀರದಿಂದ 200 ನಾಟಿಕಲ್ ಮೈಲಿವರೆಗಿನ ಎಕನಾಮಿಕ್ ಝೋನ್, ಕಾಂಟಿನೆಂಟಲ್ ಶೆಲ್ಫ್ (ತೀರದಾಚೆ ಸಮುದ್ರದಡಿ ಚಾಚಿರೋ ನೆಲ) ಎಲ್ಲಾನೂ ಸೇರಿಸ್ಬಿಟ್ರು, ಪ್ರೋಟೋಕಾಲ್ ಪ್ರಕಾರ ಅಷ್ಟೂ ಜಾಗದಲ್ಲಿ ಅಣ್ವಸ್ತ್ರ ಬಳಸ್ತೀವಿ ಅಂತ ಹೆದರಿಸೋ ಹಾಗೂ ಇಲ್ಲ. ಅಣ್ವಸ್ತ್ರ ಹೊತ್ತ ಸಬ್‌ಮರೀನ್ ಓಡಿಸೋರು ಇದನ್ನ ಸುಮ್ನೆ ಒಪ್ತಾರಾ? ಸೌತ್ ಚೈನಾ ಸೀ ನಂದು ಅನ್ನೋ ಚೀನಾಗೂ ಮೊದ್ಲು ಅದೇ ತಕರಾರಿತ್ತು, ಈಗ ಸೈನ್ ಹಾಕೋಕೆ ರೆಡಿ ಅಂತಿದೆ. 2012ರಲ್ಲಿ ಕಾಂಬೋಡಿಯಾದ ನಾಮ್ ಪೆನ್‌ನಲ್ಲಿ ಇನ್ನೇನು ಐದೂ ಜನ ಸೈನ್ ಹಾಕ್ತಾರೆ ಅನ್ನೋ ಹೊತ್ತಿಗೆ ಬ್ರಿಟನ್, ಫ್ರಾನ್ಸ್, ರಷ್ಯಾ ತಮ್ ತಮ್ಮ ಷರತ್ತು ತಂದು ಇಟ್ವು, ಕಾರ್ಯಕ್ರಮಾನೇ ಮುಂದಕ್ಕೆ ಹೋಯ್ತು.

ಕಡಲತಡಿ:
ಆಸಿಯಾನ್‌ನೋರೂ ಏನ್ ಕಮ್ಮಿ ಇಲ್ಲ ಬಿಡಿ. ಬೇರೆ ದೇಶದ ಹಡಗು ಬಂದರಿಗೆ ಬಂದ್ರೆ ಬಿಡೋದಾ ಬೇಡ್ವಾ ಅನ್ನೋದನ್ನ ಆಯಾ ದೇಶಕ್ಕೇ ಬಿಟ್ಟಿದಾರೆ. ಹಡಗಲ್ಲಿ ಬಾಂಬ್ ಇದೆಯಾ ಅಂತ ಕೇಳಿದ್ರೆ ಅಮೆರಿಕ ಇದೆ ಅಂತಾನೂ ಹೇಳಲ್ಲ, ಇಲ್ಲ ಅಂತಾನೂ ಹೇಳಲ್ಲ. 1985ರಲ್ಲಿ ನ್ಯೂಜಿಲೆಂಡ್ ಇದೇ ಕಾರಣಕ್ಕೆ ಬ್ಯುಕ್ಯಾನನ್ ಅನ್ನೋ ಹಡಗನ್ನ ಬರ್ಬೇಡ ಅಂತು, ಅಮೆರಿಕದ ಜೊತೆಗಿನ ರಕ್ಷಣಾ ಸಂಬಂಧಾನೇ ಮುರೀತು. ಸಿಂಗಾಪುರ ಅಂಥ ರಿಸ್ಕ್ ತಗೊಳ್ಳುತ್ತಾ? 2017ರಲ್ಲಿ ವಿಶ್ವಸಂಸ್ಥೆಯಲ್ಲಿ ಅಣ್ವಸ್ತ್ರ ನಿಷೇಧ ಒಪ್ಪಂದ ವೋಟಿಗೆ ಬಂದಾಗ ಪರವಾಗಿ 122 ಬಿತ್ತು, ತಟಸ್ಥ ಇದ್ದಿದ್ದು ಸಿಂಗಾಪುರ ಒಂದೇ. ಅದೇ ಥಾಯ್ಲೆಂಡ್ ಸಹಿಗೆ ತೆರೆದ ದಿನಾನೇ ಸೈನ್ ಹಾಕಿ ರ‍್ಯಾಟಿಫೈ ಕೂಡ ಮಾಡ್ತು. ಒಂದೇ ಗುಂಪು, ನೋಡಿ.

ರಘು_ಓದುಗ:
ಅಂದ್ರೆ ವೇಸ್ಟ್ ಅನ್ನೋದಾ?

ಸುಮಾ_ಎಸ್:
ಅಯ್ಯೋ ಹಾಗಲ್ಲ. ಲ್ಯಾಟಿನ್ ಅಮೆರಿಕದ್ದು ಇಂಥದ್ದೇ 1967ರ ಒಪ್ಪಂದ, 1962ರಲ್ಲಿ ಸೋವಿಯತ್ ರಷ್ಯಾ ಕ್ಯೂಬಾದಲ್ಲಿ ಅಣು ಮಿಸೈಲ್ ಇಟ್ಟ ಗಲಾಟೆ ನೋಡಿ ಹೆದರಿ ಮಾಡ್ಕೊಂಡಿದ್ದು, ಅಲ್ಲಿ ಐದೂ ದೇಶ ಒಪ್ಪೋಕೆ 1979 ಆಯ್ತು, ಕ್ಯೂಬಾ ತಾನೇ ಒಳಗೆ ಬಂದಿದ್ದು 2002ರಲ್ಲಿ. ಮತ್ತೆ ಬಾಂಬ್ ಇಲ್ದೋರು ಅಂತ ಹಗುರ ಮಾಡ್ಬೇಡಿ, ನಾಳೆ ವಿಯೆಟ್ನಾಂ ರಿಯಾಕ್ಟರ್ ಕಟ್ಟಿದ್ರೆ ಪಕ್ಕದೋರಿಗೆ ಅನುಮಾನ ಬರ್ದೇ ಇರೋಕೆ ಈ ಕಾಗದ ಬೇಕು, ಕರೆಂಟಿಗೆ ಅಡ್ಡಿ ಇಲ್ಲ, ಆದ್ರೆ ಐಎಇಎ (ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ) ತಪಾಸಣೆಗೆ ಒಪ್ಲೇಬೇಕು.

ರಘು_ಓದುಗ:
ನಮ್ ಇಂಡಿಯಾ ಯಾಕೆ ಲಿಸ್ಟಲ್ಲಿಲ್ಲ?

ಕಡಲತಡಿ:
ಎನ್‌ಪಿಟಿ (ಅಣ್ವಸ್ತ್ರ ಹರಡೋದನ್ನ ತಡೆಯೋ ಒಪ್ಪಂದ) ಅಣ್ವಸ್ತ್ರ ದೇಶ ಅಂತ ಒಪ್ಪಿರೋ ಐದಕ್ಕೆ ಮಾತ್ರ ಆ ಪ್ರೋಟೋಕಾಲ್. ಆ ವಲಯಾನ ಗೌರವಿಸ್ತೀವಿ ಅಂತ ಭಾರತ ಹೇಳಿದೆ, ಸೈನ್ ಹಾಕೋಕೆ ಜಾಗಾನೇ ಇಲ್ಲ ಅಷ್ಟೆ.