ಗೋಲಿಯಾತ್ ಜೇಡ ನಿಜವಾಗ್ಲೂ ಹಕ್ಕಿ ತಿನ್ನುತ್ತಾ?

ಬೆಳ್ಳಿಚುಕ್ಕಿ:
ನಿನ್ನೆ ರಾತ್ರಿ ತಮ್ಮನ ಮಗಳು ಒಂದು ವಿಡಿಯೋ ತೋರಿಸಿದಳು. ದಕ್ಷಿಣ ಅಮೆರಿಕದ ಕಾಡಿನ ಗೋಲಿಯಾತ್ ಬರ್ಡ್‌ಈಟರ್ ಅಂತೆ. ಊಟದ ತಟ್ಟೆಯಷ್ಟು ಅಗಲದ ಜೇಡ, ಮೈಯೆಲ್ಲಾ ಕಂದು ಕೂದಲು. ಅವಳಿಗೆ ಖುಷಿ, ನನಗೆ ನಿದ್ದೆ ಇಲ್ಲ. ಇದು ಹಕ್ಕಿ ತಿನ್ನುತ್ತಾ? ಕಚ್ಚಿದರೆ ಮನುಷ್ಯ ಸಾಯ್ತಾನಾ? ಇಷ್ಟು ದೊಡ್ಡದು ಬಲೆ ಎಲ್ಲಿ ಕಟ್ಟುತ್ತೆ? "ಅತ್ತೆ, ಹೇಳು" ಅಂತ ಸಂಜೆ ಮತ್ತೆ ಹಿಡ್ಕೋತಾಳೆ. ಗೊತ್ತಿದ್ದವರು ಹೇಳಿ.

ಗೂಡುಗಣ್ಣ:
ಹೆಸರು ಕೇಳಿ ಹೆದರಬೇಡಿ. ಮರಿಯಾ ಸಿಬಿಲ್ಲಾ ಮೇರಿಯನ್ ಅನ್ನೋ ಚಿತ್ರಗಾರ್ತಿ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ ಬಂದು 1705ರಲ್ಲಿ ಅಚ್ಚು ಹಾಕಿಸಿದ ಒಂದು ಚಿತ್ರದಲ್ಲಿ, ಸೀಬೆ ಕೊಂಬೆಯ ಮೇಲೆ ಜೇಡವೊಂದು ಪುಟ್ಟ ಹಕ್ಕಿ ತಿನ್ನುತ್ತಿದೆ. ಹಕ್ಕಿ ತಿನ್ನೋ ಜೇಡ ಅನ್ನೋ ಹೆಸರು ಅಲ್ಲಿಂದ ಅಂಟಿಕೊಂಡಿತು. ತಮಾಷೆ ಅಂದ್ರೆ ಆ ಚಿತ್ರದಲ್ಲಿರೋದು ಗೋಲಿಯಾತ್ ಅಲ್ಲವೇ ಅಲ್ಲ, ಬೇರೆ ಜಾತಿ! ಇದು ಹೆಚ್ಚಾಗಿ ತಿನ್ನೋದು ಎರೆಹುಳ, ಕೀಟ, ಕಪ್ಪೆ. ಹಕ್ಕಿ ಸಿಗೋದು ಅಪರೂಪ.

ಬಲೆ ಕಟ್ಟಿ ಬೇಟೆಯಾಡೋದಿಲ್ಲ. ಒದ್ದೆ ನೆಲದಲ್ಲಿ ಬಿಲ ಮಾಡಿಕೊಂಡು, ಒಳಗೆ ರೇಷ್ಮೆ ಎಳೆ ಹಾಸಿಕೊಂಡು ಹಗಲೆಲ್ಲಾ ಕೂತಿರುತ್ತೆ. ರಾತ್ರಿ ಬಿಲದ ಬಾಯಿಗೆ ಬಂದು ಕಾಯುತ್ತೆ. ಕಣ್ಣು ಎಂಟಿದ್ದರೂ ನೋಟ ಅಷ್ಟಕ್ಕಷ್ಟೆ, ನೆಲದ ನಡುಕವನ್ನ ಕಾಲಿನ ಕೂದಲಲ್ಲೇ ತಿಳಿದುಕೊಳ್ಳುತ್ತೆ. ಕಾಲು ಚಾಚಿದರೆ ಸುಮಾರು 28 ಸೆಂ.ಮೀ., ತೂಕ 170 ಗ್ರಾಂ, ಅಂದ್ರೆ ಮೂರು ಕೋಳಿಮೊಟ್ಟೆ.

ಪರದೇಸಿಪುಟ್ಟ:
ಕಚ್ಚಿದರೆ ಕಣಜ ಕಡಿದಷ್ಟು ನೋವು ಅಂತಾರೆ, ಅದರಿಂದ ಯಾರೂ ಸಾಯೋದಿಲ್ಲ. ನಿಜವಾದ ಆಯುಧ ಕೂದಲು. ನಾನಿರೋ ಟೆಕ್ಸಾಸ್‌ನಲ್ಲಿ ಗೆಳೆಯನೊಬ್ಬ ಇದನ್ನ ಸಾಕಿದ್ದಾನೆ. ಅದು ಬಿಟ್ಟ ಪೊರೆ ಡಬ್ಬಿಯಲ್ಲಿ ಬಿದ್ದಿತ್ತು, ಖಾಲಿ ಅಂಗಿ ತಾನೇ ಅಂತ ಬರಿಗೈಯಲ್ಲಿ ಎತ್ತಿಬಿಟ್ಟೆ. ಮುಂಗೈವರೆಗೆ ತುರಿಕೆ, ಎರಡು ದಿನ ನಿದ್ದೆಯಿಲ್ಲ. ಚಿಕ್ಕಂದಿನಲ್ಲಿ ಕಂಬಳಿಹುಳ ಮುಟ್ಟಿದ್ದು, ನಸಗುನ್ನಿ ಕಾಯಿ ಮುಟ್ಟಿದ್ದು ಎಲ್ಲಾ ನೆನಪಾಯ್ತು.

ಬದುಕಿರೋ ಜೇಡ ಇನ್ನೂ ಜಾಣ. ಹತ್ತಿರ ಹೋದರೆ ಮೊದಲು ಮೈಯ ಗಡಸು ಕೂದಲು ಉಜ್ಜಿ ವೆಲ್ಕ್ರೋ ಕಿತ್ತಂಗೆ ಸದ್ದು ಮಾಡುತ್ತೆ. ಆಮೇಲೆ ಹಿಂಗಾಲಲ್ಲಿ ಹೊಟ್ಟೆ ಪರಪರ ಕೆರೆದುಕೊಳ್ಳುತ್ತೆ. ಆಗ ಹಾರೋ ಧೂಳೇ ಮುಳ್ಳಿನ ಕೂದಲು, ಕಣ್ಣಿಗೆ ಬಿದ್ದರೆ ಡಾಕ್ಟರ ಹತ್ತಿರ ಓಡಬೇಕು. ಮೊಟ್ಟೆ ಚೀಲಕ್ಕೂ ಅದೇ ಕೂದಲು ಮೆತ್ತಿರುತ್ತೆ. ಜಾಸ್ತಿ ಕೆರೆದುಕೊಂಡ ಜೇಡಕ್ಕೆ ಹೊಟ್ಟೆಯ ಮೇಲೆ ಬೋಳು ಮಚ್ಚೆ. ಇಷ್ಟೆಲ್ಲಾ ಇದ್ದೂ ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತೆ, ಅದಕ್ಕೇ ಗೆಳೆಯ ಅದನ್ನ ಕೈಗೆತ್ತಿಕೊಳ್ಳೋದೇ ಇಲ್ಲ.

ಕಾಫಿತೋಟದವ:
ಇದನ್ನ ಓದಿ ನಮ್ಮ ಮಲೆನಾಡಿನ ಜೇಡದ ಮೇಲೆ ಯಾರೂ ಧೈರ್ಯ ಮಾಡಬೇಡಿ ಮಾರಾಯ್ರೇ! ಕೂದಲು ಎರಚೋದು ಅಮೆರಿಕ ಖಂಡಗಳ ಟರಂಟುಲಾಗಳ, ಅಂದ್ರೆ ಗೋಲಿಯಾತ್ ಥರದ ದೊಡ್ಡ ಕೂದಲಿನ ಜೇಡಗಳ ವಿದ್ಯೆ. ನಮ್ಮ ಕಡೆಯವಕ್ಕೆ ಆ ಕೂದಲಿಲ್ಲ, ಅದಕ್ಕೆ ಓಡ್ತವೆ, ಇಲ್ಲಾ ಕಚ್ತವೆ. ಮರದ ಪೊಟರೆಯಲ್ಲಿರೋ ಪೀಸಿಲೋಥೀರಿಯಾ ಅನ್ನೋ ಜೇಡ ಕಚ್ಚಿದರೆ ಮಾಂಸಖಂಡ ಹಿಡಿದುಕೊಂಡು ದಿನಗಟ್ಟಲೆ ನೋವು. ನಮ್ಮ ಹಲಸಿನ ಮರದಲ್ಲಿ ಒಂದಿದೆ. ಟಾರ್ಚ್ ಬಿಟ್ಟಾಗ ಮುಂಗಾಲು ಎತ್ತಿತು, ಅಡಿಯಲ್ಲಿ ಅರಿಶಿನ ಬಳಿದಂಥ ಹಳದಿ. ಅಲ್ಲಿಗೇ ವಾಪಸ್ ಬಂದೆ.

ಬೆಳ್ಳಿಚುಕ್ಕಿ:
ಎಲ್ಲರಿಗೂ ಥ್ಯಾಂಕ್ಸ್. ಓದಿ ಹೇಳಿದೆ. ಹಕ್ಕಿ ತಿನ್ನೋದು ಅಪರೂಪ ಅಂತ ಅವಳಿಗೆ ಬೇಜಾರು. ಈಗ ಹೊಸ ಪ್ರಶ್ನೆ: ಬೋಳಾದ ಜಾಗದಲ್ಲಿ ಕೂದಲು ಮತ್ತೆ ಬರುತ್ತಾ?

ಗೂಡುಗಣ್ಣ:
ಬರುತ್ತೆ, ಮುಂದಿನ ಪೊರೆ ಬಿಟ್ಟಾಗ ಹೊಸದಾಗಿ. ಇನ್ನೊಂದು ಹೇಳಿ ಅವಳಿಗೆ, ವೆನೆಜುವೆಲಾದ ಪಿಯರೋವಾ ಜನ ಮೊದಲು ಬೆಂಕಿಗೆ ಹಿಡಿದು ಆ ಕೂದಲು ಸುಟ್ಟು, ಆಮೇಲೆ ಜೇಡವನ್ನೇ ತಿಂತಾರೆ. ರುಚಿ ಸಿಗಡಿ ಥರ ಅಂತೆ.

ಬೆಳ್ಳಿಚುಕ್ಕಿ:
ಅದನ್ನ ಊಟ ಆದ್ಮೇಲೆ ಹೇಳ್ತೀನಿ. ಕೂದಲು ವಾಪಸ್ ಬರುತ್ತೆ ಅಂದಾಗ ಅವಳು ತಾತನ ತಲೆ ಕಡೆ ನೋಡಿದಳು.