ಪ್ಯಾಕೇಜ್ ಮರುಪ್ರಕಟಿಸಿದ ಮೇಲೆ ಒಂದೇ ವರದಿಯಲ್ಲಿ ದೋಷ: ಕಾರಣವೇನು?

ಪ್ರಶ್ನೆ:
ಕಾಗ್ನೋಸ್ ಎಂಬ ವರದಿ ತಂತ್ರಾಂಶದ ಫ್ರೇಮ್‌ವರ್ಕ್ ಮ್ಯಾನೇಜರ್‌ನಲ್ಲಿ (ದತ್ತಾಂಶದ ಮಾದರಿ ಕಟ್ಟುವ ಸಾಧನ) ಮಾರಾಟ ವಿಭಾಗದವರಿಗಾಗಿ ಪ್ಯಾಕೇಜ್ ಒಂದನ್ನು, ಅಂದರೆ ವರದಿ ಬರೆಯಲು ಬೇಕಾದ ಕಾಲಂಗಳ ಕಟ್ಟೊಂದನ್ನು, ಸಿದ್ಧಪಡಿಸಿದ್ದೆ. ಯಾರೂ ಬಳಸುವುದಿಲ್ಲವೆಂದು ಭಾವಿಸಿ ‘ಗ್ರಾಹಕ ಕೋಡ್’ ಕಾಲಂ ಅನ್ನು ಅದರಿಂದ ಕೈಬಿಟ್ಟು ಮರುಪ್ರಕಟಿಸಿದೆ. ಶೀರ್ಷಿಕೆ ತಿದ್ದಲೆಂದು ತೆರೆದು ಉಳಿಸಿದ ವರದಿಯೊಂದು ಈಗ ಆ ಕಾಲಂ ಸಿಗುತ್ತಿಲ್ಲವೆಂದು ನಿಂತುಹೋಗುತ್ತಿದೆ. ಅದೇ ಕಾಲಂ ಇರುವ ಉಳಿದ ವರದಿಗಳು ಎಂದಿನಂತೆ ಓಡುತ್ತಿವೆ. ಹೀಗೇಕೆ?

ಉತ್ತರ 1:
ಪ್ರಕಟಿಸಿದಾಗಲೆಲ್ಲ ಪ್ಯಾಕೇಜಿನೊಳಗಿನ ಮಾದರಿಯ ಹೊಸ ಆವೃತ್ತಿ ಸೇರುತ್ತದೆ. ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳುವಂತೆ ಹೊಂದಿಸಿದ್ದರೆ, ಹಳೆಯ ವರದಿ ತಾನು ರೂಪುಗೊಂಡ ಆವೃತ್ತಿಯ ಮೇಲೆಯೇ ಓಡುತ್ತಿರುತ್ತದೆ; ತೆರೆದು ಉಳಿಸಿದ ಗಳಿಗೆಯಲ್ಲಿ ಹೊಸದಕ್ಕೆ ಅಂಟಿಕೊಳ್ಳುತ್ತದೆ. ಅಂದರೆ ಉಳಿದ ವರದಿಗಳು ಸರಿಯಾಗಿಲ್ಲ, ಅವುಗಳ ಸರದಿ ಬಂದಿಲ್ಲ ಅಷ್ಟೆ.

ಉತ್ತರ 2:
ಕಾಲಂ ಅನ್ನು ಪೂರ್ತಿ ಕೈಬಿಡುವ ಬದಲು, ಪ್ಯಾಕೇಜಿನ ವ್ಯಾಖ್ಯೆಯಲ್ಲಿ ಅದನ್ನು ಮರೆಮಾಡಿ. ಆಗ ವರದಿ ಬರೆಯುವವರ ಪಟ್ಟಿಯಲ್ಲಿ ಅದು ಕಾಣುವುದಿಲ್ಲ, ಆದರೆ ಈಗಾಗಲೇ ಅದನ್ನು ನೆಚ್ಚಿಕೊಂಡಿರುವ ವರದಿಗಳು ಮುರಿಯುವುದಿಲ್ಲ. ಪ್ರಕಟಣೆಯ ಪರಿಣಾಮವನ್ನು ವಿಶ್ಲೇಷಿಸುವ ಸೌಲಭ್ಯವೂ ಫ್ರೇಮ್‌ವರ್ಕ್ ಮ್ಯಾನೇಜರ್‌ನಲ್ಲಿಯೇ ಇದೆ. ಯಾವ ಬದಲಾವಣೆ ಯಾವ ವರದಿಗೆ ತಟ್ಟುತ್ತದೆಂಬುದನ್ನು ಅದು ಮೊದಲೇ ತೋರಿಸುತ್ತದೆ. ಅವಸರದಲ್ಲಿ ನಾನೂ ಅದನ್ನು ಬಿಟ್ಟು, ಒಂದಿಡೀ ಸಂಜೆ ವರದಿಗಳನ್ನು ಒಂದೊಂದಾಗಿ ತೆರೆದು ನೋಡಿದ್ದುಂಟು.

ಉತ್ತರ 3:
ಒಂದು ಎಚ್ಚರಿಕೆ: ಮರೆಮಾಡುವುದು ಭದ್ರತೆಯಲ್ಲ. ವೇತನದಂಥ ಮಾಹಿತಿಯನ್ನು ಕೆಲವರಿಂದ ತಡೆಯಬೇಕಾದರೆ ಆಬ್ಜೆಕ್ಟ್ ಮಟ್ಟದ ಅನುಮತಿಯನ್ನೇ (ಯಾವ ಕಾಲಂ ಯಾರಿಗೆ ಸಿಗಬೇಕೆಂಬುದನ್ನು) ಹೊಂದಿಸಬೇಕು, ಇಲ್ಲವೇ ಅವರಿಗೆ ಬೇರೆ ಪ್ಯಾಕೇಜನ್ನೇ ಪ್ರಕಟಿಸಬೇಕು.

ಪ್ರಶ್ನೆ ಕೇಳಿದವರು:
ಕಾಲಂ ಅನ್ನು ಮರಳಿ ಸೇರಿಸಿ, ಮರೆಮಾಡಿ ಪ್ರಕಟಿಸಿದೆ, ವರದಿ ಓಡುತ್ತಿದೆ. ಧನ್ಯವಾದಗಳು.