ಟಿವಿ ವೈಫೈಗೆ ಸೇರುತ್ತೆ, ನಿಲ್ಲಲ್ಲ: ಅನುಭವ ಇದ್ದವರು ಹೇಳಿ

ಪ್ರಶ್ನೆ: ರೂಟರ್ ಹಾಲ್‌ನಲ್ಲಿದೆ, ಸ್ಮಾರ್ಟ್ ಟಿವಿ ಎರಡು ಗೋಡೆ ಆಚೆ. ರೂಟರ್‌ಗೆ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡ್ (ರೇಡಿಯೋ ತರಂಗದ ಪಟ್ಟಿ) ಇವೆ. 5ರ ವೈಫೈ ಹೆಸರು ಫೋನಿಗೆ ಕಾಣುತ್ತೆ, ಟಿವಿಗೆ ಕಾಣಲ್ಲ. 2.4ಕ್ಕೆ ಹಾಕಿದರೆ ಸಿನಿಮಾ ನಡುವೆ ಚಕ್ರ ಸುತ್ತುತ್ತೆ. ನೀವೆಲ್ಲ ಏನು ಮಾಡಿದಿರಿ?

ತಂತಿಪ್ರಿಯ: ವೈಫೈ ಸಹವಾಸವೇ ಬೇಡ, ಕ್ಯಾಟ್ 6 ನೆಟ್‌ವರ್ಕ್ ಕೇಬಲ್ ಎಳೆಯಿರಿ. ನಮ್ಮ ಮನೆಯಲ್ಲಿ ಈಗ ಆ ಮಾತೇ ಇಲ್ಲ. ಖರ್ಚು ಕೇಬಲ್‌ದಲ್ಲ, ಗೋಡೆ ಕೊರೆಸೋದರದ್ದು. ಪ್ಲಗ್ ಕಟ್ಟಿರೋ ರೆಡಿಮೇಡ್ ಕೇಬಲ್ ತಂದರೆ ತೂತು 16 ಮಿ.ಮೀ. ಬೇಕು, ಪ್ಲಾಸ್ಟರ್ ಉದುರುತ್ತೆ. ಬರೀ ಕೇಬಲ್ ತೂರಿಸಿ ಆಮೇಲೆ ಕ್ರಿಂಪ್ ಮಾಡಿದರೆ (ತುದಿಗೆ ಪ್ಲಗ್ ಒತ್ತಿ ಕೂರಿಸಿದರೆ) 8 ಸಾಕು. ಎರಡೂ ತುದಿ ಟಿ568ಬಿ ಅನ್ನೋ ಬಣ್ಣದ ತಂತಿಗಳ ಕ್ರಮದಲ್ಲೇ ಇರಲಿ. ಕರೆಂಟ್ ವೈರ್ ಇರೋ ಪೈಪಿನಲ್ಲಿ ಮಾತ್ರ ತೂರಿಸಬೇಡಿ.

ಚಾನೆಲ್36: ಗೋಡೆ ಯಾಕೆ ಒಡೆಸ್ತೀರಿ? ರೂಟರ್ ಆಟೋದಲ್ಲಿದ್ದರೆ 5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರ ನಡುವಿನ ಚಾನೆಲ್ (ಬ್ಯಾಂಡಿನೊಳಗಿನ ಒಂದು ಭಾಗ, ಟಿವಿ ಚಾನೆಲ್ ಅಲ್ಲ) ಹಿಡಿದಿರಬಹುದು. ಅದು ರಾಡಾರ್ ಜೊತೆ ಹಂಚಿಕೊಳ್ಳೋ ಜಾಗ, ಎಷ್ಟೋ ಟಿವಿಗಳು ಅಲ್ಲಿ ಹುಡುಕೋದೇ ಇಲ್ಲ. 36, 40, 44, 48ರಲ್ಲಿ ಒಂದನ್ನು ಕೈಯಾರೆ ಕೊಡಿ. ಎರಡೂ ಬ್ಯಾಂಡಿಗೆ ಬೇರೆ ಬೇರೆ ಹೆಸರಿಡಿ. ವೈಫೈ ಭದ್ರತೆ ಬರೀ ಡಬ್ಲ್ಯೂಪಿಎ3 (ಹೊಸ ವಿಧಾನ) ಇದ್ದರೆ ಹಳೇ ಟಿವಿ ಸರಿಯಾದ ಪಾಸ್‌ವರ್ಡನ್ನೂ ತಪ್ಪು ಅನ್ನಬಹುದು. ಹಳೇ ಡಬ್ಲ್ಯೂಪಿಎ2 ಜೊತೆಗಿನ ಮಿಶ್ರ ಮೋಡ್‌ಗೆ ತನ್ನಿ. ಆಮೇಲೆ ಟಿವಿ ಪ್ಲಗ್ ಕಿತ್ತು ಒಂದು ನಿಮಿಷ ಬಿಡಿ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಅದು ನಿದ್ದೆ ಅಷ್ಟೇ, ನೆಟ್‌ವರ್ಕ್ ಭಾಗ ಹಳೇ ಸ್ಥಿತಿಯಲ್ಲೇ ಇರುತ್ತೆ. ಇನ್ನು ತಂತಿಪ್ರಿಯರು ಹೇಳದೇ ಬಿಟ್ಟಿದ್ದು: ಬಹಳಷ್ಟು ಟಿವಿಗಳ ಲ್ಯಾನ್ ಪೋರ್ಟ್ (ಆ ಕೇಬಲ್ ಚುಚ್ಚೋ ಜಾಗ) 100 ಎಂಬಿಪಿಎಸ್ ಮಾತ್ರ.

ತಂತಿಪ್ರಿಯ: 4ಕೆ ಸ್ಟ್ರೀಮಿಂಗ್‌ಗೆ 25 ಎಂಬಿಪಿಎಸ್ ಸಾಕು ಸ್ವಾಮಿ! ಇನ್ನು 75 ಇಟ್ಟುಕೊಂಡು ಏನು ಮಾಡ್ತೀರಿ?

ಚಾನೆಲ್36: ಹಾರ್ಡ್‌ಡಿಸ್ಕ್‌ನಲ್ಲಿರೋ ದೊಡ್ಡ 4ಕೆ ಫೈಲ್ ಮನೆ ನೆಟ್‌ವರ್ಕ್ ಮೇಲೆ ಓಡಿಸಿ ನೋಡಿ. ಒಂದೊಂದು ದೃಶ್ಯದಲ್ಲಿ 100 ದಾಟುತ್ತೆ, ಆಗ ಗೊತ್ತಾಗುತ್ತೆ.

ತಂತಿಪ್ರಿಯ: ಅವರು ಕೇಳಿದ್ದು ಅದನ್ನಲ್ಲ.

ಎಚ್‌ಡಿಎಂಐ_ಸ್ಟಿಕ್: ನೀವಿಬ್ಬರೂ ಅವರು ಕೇಳಿದ್ದಕ್ಕೆ ಉತ್ತರ ಕೊಟ್ಟಿಲ್ಲ. ಟಿವಿಯ ಒಳಗಿನ ವೈಫೈ ನಂಬೋದು ಬಿಟ್ಟು ಸ್ಟ್ರೀಮಿಂಗ್ ಸ್ಟಿಕ್ (ಎಚ್‌ಡಿಎಂಐ ಪೋರ್ಟಿಗೆ ಚುಚ್ಚೋ, ತನ್ನದೇ ವೈಫೈ ಇರೋ ಪುಟ್ಟ ಸಾಧನ) ಹಾಕಿ. ಆದರೆ ನೇರ ಟಿವಿ ಬೆನ್ನಿಗೆ ಚುಚ್ಚಬೇಡಿ, ಹಿಂದಿನ ಲೋಹದ ತಗಡು ಸಿಗ್ನಲ್ ತಡೆಯುತ್ತೆ. ಗೇಣುದ್ದದ ಎಚ್‌ಡಿಎಂಐ ಎಕ್ಸ್‌ಟೆಂಡರ್ ಹಾಕಿ ಪಕ್ಕಕ್ಕೆ ತನ್ನಿ. ಪವರ್ ಟಿವಿಯ ಯುಎಸ್‌ಬಿಯಿಂದ ಬೇಡ, ಯುಎಸ್‌ಬಿ 2.0 ಪೋರ್ಟ್ ಕೊಡೋದು ಅರ್ಧ ಆಂಪಿಯರ್, ಸ್ಟಿಕ್‌ಗೆ ಸಾಲದೆ ಹೋಗಬಹುದು. ವಿಡಿಯೋ ಶುರುವಾದ ಕೂಡಲೇ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅದನ್ನೇ ನೋಡಿ, ಜೊತೆಗೆ ಬಂದ ಅಡಾಪ್ಟರನ್ನೇ ಹಾಕಿ. ಪಕ್ಕದಲ್ಲಿ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಇದ್ದರೆ ದೂರ ಸರಿಸಿ, ಅದರ ರೇಡಿಯೋ ಗದ್ದಲ ಬೀಳೋದು ಸರಿಯಾಗಿ 2.4ರ ಮೇಲೆ.

ಚಾನೆಲ್36: 2.4 ಅನಿವಾರ್ಯ ಅಂದರೆ ಚಾನೆಲ್ ಅಗಲ 20 ಮೆಗಾಹರ್ಟ್ಸ್‌ಗೆ ಇಳಿಸಿ, 1, 6, 11ನೇ ಚಾನೆಲ್‌ಗಳಲ್ಲಿ ಖಾಲಿ ಇರೋದು ಹಿಡಿಯಿರಿ. 13 ಖಾಲಿ ಇದೆ ಅಂತ ಹೋಗಬೇಡಿ, ಕೆಲವು ಸಾಧನಗಳಿಗೆ ಅದು ಕಾಣೋದೇ ಇಲ್ಲ.

ತಂತಿಪ್ರಿಯ: ನೋಡಿ, ಇಷ್ಟೆಲ್ಲ ಗೋಳು. ಕೇಬಲ್‌ಗೆ ಚಾನೆಲ್ಲೇ ಇಲ್ಲ.

ಎಚ್‌ಡಿಎಂಐ_ಸ್ಟಿಕ್: ಬಾಡಿಗೆ ಮನೆಯವರು ಎಲ್ಲಿ ಕೊರೀಬೇಕು? ಪ್ರಶ್ನೆ ಕೇಳಿದವರೇ, ಇನ್ನೊಂದು. ವೈಫೈ ಸೇರಿದೆ, ಇಂಟರ್ನೆಟ್ ಇಲ್ಲ ಅಂತ ಬಂದರೆ ಟಿವಿಯ ದಿನಾಂಕ ನೋಡಿ. ಅದು ತಪ್ಪಿದ್ದರೆ ಸರ್ವರ್‌ನ ಗುರುತು ಖಚಿತಪಡಿಸೋ ಸರ್ಟಿಫಿಕೇಟ್ ಒಪ್ಪದೆ ಆ್ಯಪ್‌ಗಳು ತೆರೆಯಲ್ಲ. ಫೋನಿಂದ ಕಾಸ್ಟ್ ಮಾಡೋದಿದ್ದರೆ (ವಿಡಿಯೋ ಟಿವಿಗೆ ಕಳಿಸೋದಿದ್ದರೆ) ಟಿವಿಯನ್ನು ಅತಿಥಿಗಳಿಗಿರೋ ಗೆಸ್ಟ್ ನೆಟ್‌ವರ್ಕಿಗೆ ಸೇರಿಸಬೇಡಿ. ಸಾಮಾನ್ಯವಾಗಿ ಅಲ್ಲಿ ಒಂದು ಸಾಧನ ಇನ್ನೊಂದನ್ನು ನೋಡದ ಹಾಗೆ ತಡೆದಿರುತ್ತಾರೆ.